ಶಾಹೀನಳ ಹಸಿರು ಸೈಕಲ್ಲು, ನನ್ನ ಹೊಟ್ಟೆಕಿಚ್ಚು

ನಮ್ಮ ಶಾಲೆಯ ಹೆಡ್‌ಮಾಸ್ತರರು ಪ್ರಾರ್ಥನೆ ಮುಗಿದ ಮೇಲೆ ಮಾತಾಡುವ ವಿಷಯಗಳು ಎರಡೇ. ಒಂದು, ಮಕ್ಕಳ ಉಗುರು. ಇನ್ನೊಂದು, ನೀರು ಕುಡಿದ ಮೇಲೆ ನಲ್ಲಿ ಬಂದ್ ಮಾಡುವುದು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ದಿನ ಮಾತ್ರ ಅವರು ಒಂದು ಸೈಕಲ್ಲಿನ ಬಗ್ಗೆ ಮಾತಾಡಿದರು.

“ಹಳೇ ಸಾಮಾನು ಹ್ಯಾಂಗ ಜ್ವಾಪಾನ ಮಾಡ್ಬೇಕು ಅಂತ ಶಾಹೀನ್ ಟೀಚರ್ ಕಡಿಂದ ಕಲೀರಿ. ಸಾಲು ಮುರೀದಂಗ ಹೋಗಿ ನೋಡಿ ಬರ್ರಿ. ಯಾರೂ ಮುಟ್ಟಬ್ಯಾಡ್ರಿ.”

ಮಕ್ಕಳು ದೇವರ ದರ್ಶನಕ್ಕೆ ಹೊರಟವರಂತೆ ಸಾಲಾಗಿ ಹೋದರು. ಹಿಂದೆ ಮಾಸ್ತರರು ಹೋದರು. ಅವರ ಹಿಂದೆ ಬಿಸಿಯೂಟದ ಅಕ್ಕಂದಿರು ಕೈ ಒರೆಸಿಕೊಳ್ಳುತ್ತ ಹೋದರು. ಎಲ್ಲರಿಗಿಂತ ಕೊನೆಗೆ ನಾನು ಹೋದೆ. (ಹೋಗಬಾರದು ಅಂತಲೇ ನಿಂತಿದ್ದೆ. ಕಾಲು ಕೇಳಲಿಲ್ಲ.)

ಬೇವಿನ ಗಿಡದ ನೆರಳಲ್ಲಿ ಅದು ನಿಂತಿತ್ತು. ಬಾಟಲ್ ಹಸಿರು ಬಣ್ಣ. ಟಗರಿನ ಕೋಡಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್, ಅದಕ್ಕೆ ಒತ್ತೊತ್ತಾಗಿ ಸುತ್ತಿದ ಬಿಳಿ ಬಟ್ಟೆಯ ಪಟ್ಟಿ. ಕಂದು ಚರ್ಮದ ಸೀಟು, ಅದರ ಅಂಚಿಗೆ ತಾಮ್ರದ ಮೊಳೆ. ತೆಳ್ಳನೆಯ ಟೈರು. ಪೈಪುಗಳು ಕೂಡುವ ಕಡೆಯೆಲ್ಲ ಎಲೆಯ ಆಕಾರದ ಕುಸುರಿ, ಆ ಎಲೆಗಳ ಅಂಚಿಗೆ ಕೂದಲೆಳೆಯಷ್ಟು ಬಂಗಾರದ ಗೆರೆ. ಹ್ಯಾಂಡಲ್ ಮೇಲೆ ಒಂದು ಪುಟ್ಟ ಹಿತ್ತಾಳೆ ಗಂಟೆ.

ಏನು ಹೇಳಲಿ? ಮದುವೆ ಮನೆಯಲ್ಲಿ ಬೇರೆಯವರ ಕೊರಳ ಸರ ನೋಡಿ ಸುಮ್ಮನೆ ಬಂದವಳು ನಾನು. ಓರಗಿತ್ತಿ ಕಲಬುರಗಿಯಲ್ಲಿ ಮನೆ ಕಟ್ಟಿಸಿದಾಗ ಮನಸಾರೆ ಊಟ ಮಾಡಿ ಬಂದವಳು. ಆದರೆ ಆ ಸೈಕಲ್ಲಿನ ಮುಂದೆ ನಿಂತಾಗ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು. ನಿಜವಾದ ಒಲೆ. ಕಟ್ಟಿಗೆ, ಹೊಗೆ ಎಲ್ಲ ಇದ್ದದ್ದು.

ನಾನು ಚಿತ್ತಾಪುರದಿಂದ ವಾಡಿಗೆ ದಿನವೂ ಬಸ್ಸಿನಲ್ಲಿ ಹೋಗಿ ಕನ್ನಡ ಕಲಿಸುವ ಟೀಚರ್ ಎಂಬುದು ಈ ಅಂಕಣ ಓದುವವರಿಗೆ ಗೊತ್ತು. ಶಾಹೀನ್ ಅದೇ ಶಾಲೆಯ ಗಣಿತದ ಟೀಚರ್. ಮನೆ ಶಹಾಬಾದಿನಲ್ಲಿ. ಕಲಬುರಗಿಯ ಕಾಲೇಜಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ಅಂದಿನಿಂದ ಇಂದಿನವರೆಗೆ ನನ್ನ ಡಬ್ಬಿಯ ಪುಂಡಿಪಲ್ಯ ಅವಳದು, ಅವಳ ಡಬ್ಬಿಯ ಹುಣಸೆ ಹುಳಿಯ ಖಟ್ಟಾ ಬ್ಯಾಳಿ ನನ್ನದು. ಇಬ್ಬರಿಗೂ ಐವತ್ತು ಹತ್ತಿರ. ನಾನು ಉದ್ದ, ಅವಳು ಗಿಡ್ಡ. ಇಷ್ಟು ವರ್ಷ ಒಬ್ಬರದನ್ನು ನೋಡಿ ಇನ್ನೊಬ್ಬರು ಕರುಬಿದ್ದು ನೆನಪಿಲ್ಲ. ಕರುಬಲು ಇಬ್ಬರ ಹತ್ತಿರವೂ ಏನೂ ಇರಲಿಲ್ಲ ಅನ್ನಿ.

ಆ ಸೈಕಲ್ಲು ಅವಳ ಮಾಮೂನದು. ತಾಯಿಯ ತಮ್ಮ. ಸಿಮೆಂಟ್ ಫ್ಯಾಕ್ಟರಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರು, ಊರಿಗೆ ವಾಪಸ್ ಹೊರಟಿದ್ದ ವಿದೇಶಿ ಇಂಜಿನಿಯರ್ ಒಬ್ಬರಿಂದ ಅದನ್ನು ಕೊಂಡಿದ್ದರಂತೆ. ಅವರು ತೀರಿಕೊಂಡ ಮೇಲೆ ಅದು ಎಲ್ಲೋ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಶಾಹೀನ್ ಅದನ್ನು ಮನೆಗೆ ತಂದು, ಇಡೀ ಬೇಸಿಗೆ ರಜೆ ನೆಲದ ಮೇಲೆ ಹಳೇ ಚಾದರ ಹಾಸಿ, ಒಂದೊಂದೇ ಭಾಗ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಉಜ್ಜಿ, ಗ್ರೀಸ್ ಹಾಕಿ ಮತ್ತೆ ಜೋಡಿಸಿದ್ದಳು. ಬಣ್ಣ ಹೊಡೆದದ್ದು ಭಂಕೂರದ ಪೇಂಟರ್. ಬಂಗಾರದ ಗೆರೆ ಎಳೆದದ್ದು ಮಾತ್ರ ಅವಳೇ. ಉಸಿರು ಬಿಗಿ ಹಿಡಿದು.

“ಎಲ್ಲಾ ಆ ಕಾಲದ್ದೇ ಇರ್ಬೇಕು ವಸು. ಬ್ರೇಕು, ಪೆಡಲ್ಲು, ಸೀಟು, ಎಲ್ಲಾ. ಒಂದು ಹೊಸಾ ಸ್ಕ್ರೂ ಹಾಕಿದ್ರೂ ಮಾಮೂಗ ಮ್ಯಾಲ ಗೊತ್ತಾಗ್ತದ,” ಎಂದಳು ಸ್ಟಾಫ್ ರೂಮಿನಲ್ಲಿ, ಚಹಾ ಹೀರುತ್ತ. ಆ ಕಾಲ ಅಂದರೆ ಎಪ್ಪತ್ತರ ದಶಕ. ಗೇರ್ ಬದಲಿಸುವಾಗ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದೂಡುವ ಒಂದು ಭಾಗವಿದೆ. ಹಿಂದಿನ ಗಾಲಿಯ ಕೆಳಗೆ ನೇತಾಡುತ್ತಿರುತ್ತದೆ. ಡಿರೇಲರ್ ಅಂತ ಹೆಸರು. ಅದಕ್ಕಾಗಿ ಹೈದರಾಬಾದಿನ ಗುಜರಿ ಬಜಾರಿಗೆ ಹೋಗಿ ಬಂದ ಕಥೆಯನ್ನು ಅವಳು ಎಲ್ಲರಿಗೂ ಹೇಳಿದಳು. (ವಾಡಿ ರೈಲ್ವೆ ಜಂಕ್ಷನ್. ಇಲ್ಲಿ ಡಿರೇಲ್ ಅಂದರೆ ರೈಲು ಹಳಿ ತಪ್ಪುವುದು, ಆ ಶಬ್ದವನ್ನು ನಗುನಗುತ್ತ ಹೇಳಿದವರಲ್ಲಿ ಮೊದಲಿಗಳು ಅವಳೇ ಇರಬೇಕು. ರೈಲ್ವೆಯಲ್ಲಿ ಗಂಡ ಇರುವ ಹಿಂದಿ ಟೀಚರ್ ಅಂತೂ ಚಹಾ ಕಪ್ಪು ಕೆಳಗಿಟ್ಟರು.)

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಲ್ಲು ಮಾತ್ರ.

ಯಾಕಿಷ್ಟು ಉರಿ? ನಾನೇ ಕೇಳಿಕೊಂಡೆ. ಸೈಕಲ್ಲಿಗಾಗಿಯೇ? ಅಥವಾ ನನ್ನ ಬೇಸಿಗೆ ರಜೆ ಹಪ್ಪಳ, ಶಾವಿಗೆ, ಮೊಬೈಲಿನಲ್ಲಿ ಕಳೆದುಹೋಗುವಾಗ ಅವಳು ಯಾರಿಗೂ ಹೇಳದೆ ಅಂಥದ್ದೊಂದನ್ನು ಮಾಡಿ ಮುಗಿಸಿದಳು ಎನ್ನುವುದಕ್ಕೆ? ಯಾರಿಗೂ ಅಂದರೆ ನನಗೂ! ನಾನು ಬಸ್ಸಿನಲ್ಲಿ ಕಂಬಿ ಹಿಡಿದು, ಯಾರದೋ ಮೊಣಕೈ ತಿನ್ನುತ್ತ ಬರುವಾಗ, ಅವಳು ಸಲ್ವಾರಿನ ಅಂಚಿಗೆ ಕ್ಲಿಪ್ ಹಾಕಿ, ದುಪ್ಪಟ್ಟಾ ಅಡ್ಡ ಬಿಗಿದು, ಹೆಲ್ಮೆಟ್ ತೊಟ್ಟು ಶಹಾಬಾದಿನಿಂದ ಗಾಳಿಯಲ್ಲಿ ತೇಲಿ ಬರುತ್ತಾಳೆ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರಿದ ಲಾರಿಯವರು ಹಾರ್ನ್ ಬಾರಿಸಿದರೆ ಇವಳು ಹಿತ್ತಾಳೆ ಗಂಟೆ ಬಾರಿಸುತ್ತಾಳೆ. ಟಿಂಗ್.

ಎಂಟನೇ ಕ್ಲಾಸಿನಲ್ಲಿ ಪ್ರಬಂಧ ಬರೆಯಲು ಹೇಳಿದೆ. ವಿಷಯ, ನನ್ನ ಮೆಚ್ಚಿನ ವ್ಯಕ್ತಿ. ಅರ್ಧ ಕ್ಲಾಸು ಬರೆದದ್ದು ಯಾರ ಬಗ್ಗೆ ಅಂತ ಬೇರೆ ಹೇಳಬೇಕೇ? ಕನ್ನಡದ ಪ್ರಬಂಧ, ಕಲಿಸಿದವಳು ನಾನು, ಮೆಚ್ಚಿನ ವ್ಯಕ್ತಿ ಗಣಿತದ ಟೀಚರ್! ಕಾಗುಣಿತದ ತಪ್ಪುಗಳನ್ನು ನಾನು ಅಷ್ಟು ಮುತುವರ್ಜಿಯಿಂದ ಹಿಂದೆಂದೂ ಹುಡುಕಿರಲಿಲ್ಲ.

ಮನೆಯಲ್ಲಿ ಮಾತು ಕಡಿಮೆಯಾಯಿತು. ನಮ್ಮ ಮನೆಯವರು ತಹಸೀಲ್ದಾರ್ ಕಚೇರಿಯಲ್ಲಿದ್ದಾರೆ. ಅರ್ಜಿ ಓದುವ ಹಾಗೆ ನನ್ನ ಮುಖ ಓದುತ್ತಾರೆ.

“ಏನಾಗ್ಯದ ವಸೂ? ಶಾಹೀನ್ ಕೂಡ ಜಗಳೇನ?”

“ಜಗಳ ಯಾಕ ಆಗ್ತದ್ರಿ? ಆಕಿ ಸೈಕಲ್ ತಗೊಂಡಾಳ. ಚೊಲೋ ಅದ.”

“ಓ,” ಎಂದರು. ಅಷ್ಟೇ.

ಮುಂದಿನ ಭಾನುವಾರ ಕಲಬುರಗಿಗೆ ಹೋಗಿ, ಟೆಂಪೋದಲ್ಲಿ ಒಂದು ಹೊಚ್ಚ ಹೊಸ ಸೈಕಲ್ ಹಾಕಿಕೊಂಡು ಬಂದರು. ಕೆಂಪು, ಕಪ್ಪು, ನಡುನಡುವೆ ಮಿಂಚಿನ ಸ್ಟಿಕರ್. ಟೈರುಗಳು ಟ್ರ್ಯಾಕ್ಟರಿಗೆ ದೂರದ ಸಂಬಂಧಿಕರು. “ಶಾಹೀನಂದಕ್ಕಿಂತ ಗೇರ್ ಭಾಳ ಅವ ನೋಡು,” ಎಂದರು ಹೆಮ್ಮೆಯಿಂದ.

ನಾನು ಅಳಬಾರದಾಗಿತ್ತು. ಅತ್ತುಬಿಟ್ಟೆ.

“ಇದು ಹೊಸದ್ರೀ!” ಎಂದೆ.

ತಪ್ಪು ಅವರದಲ್ಲ. ಯಾವ ಗಂಡನಿಗೆ ತಾನೇ ಗೊತ್ತಿರುತ್ತದೆ, ಹೊಸದು ತಂದುಕೊಟ್ಟರೆ ಹೆಂಡತಿ ಹಳೆಯದು ಬೇಕೆಂದು ಅಳುತ್ತಾಳೆ ಅಂತ? ಅವರು ಸ್ವಲ್ಪ ಹೊತ್ತು ಸ್ಟಿಕರ್ ಸವರುತ್ತ ನಿಂತರು. ಮರುದಿನದಿಂದ ತಾವೇ ಅದನ್ನು ಹತ್ತಿ ಕಚೇರಿಗೆ ಹೋಗಲು ಶುರು ಮಾಡಿದರು. ಈಗ ಇಡೀ ಕಚೇರಿಯಲ್ಲಿ ಅವರಿಗೆ ಹೊಸ ಮರ್ಯಾದೆ. (ಗಮನಿಸಿ. ನನ್ನ ಸುತ್ತ ಎಲ್ಲರೂ ಸೈಕಲ್ಲಿನಿಂದ ಸುಖಪಡುತ್ತಿದ್ದರು, ನನ್ನೊಬ್ಬಳನ್ನು ಬಿಟ್ಟು.)

ಮಳೆಗಾಲ ಮುಗಿಯುವ ಹೊತ್ತಿಗೆ ಚಿಂಚೋಳಿಯ ಚಿಕ್ಕಮ್ಮನ ಮನೆಗೆ ಹೋಗಬೇಕಾಯಿತು. ಚಿಕ್ಕಮ್ಮನನ್ನು ಕೊಟ್ಟದ್ದು ತೆಲಂಗಾಣ ಗಡಿಯ ಕುಂಚಾವರಂ ಕಡೆಯ ಮನೆತನಕ್ಕೆ. ಅದಕ್ಕೇ ಅವಳ ಕನ್ನಡದಲ್ಲಿ ನಾಲ್ಕು ಮಾತಿಗೊಂದು ತೆಲುಗು ಇಣುಕುತ್ತದೆ. ಊಟವಾದ ಮೇಲೆ ಹಿತ್ತಲಿಗೆ ಕೈ ತೊಳೆಯಲು ಹೋದೆ. ಹೀರೆಬಳ್ಳಿಯ ಚಪ್ಪರ. ಹಳದಿ ಹೂವು. ಹೂವಿನ ನಡುವೆ ಏನೋ ಹೊಳೆಯಿತು.

ಬಾಗಿದ ಹ್ಯಾಂಡಲ್!

ಎಲೆಗಳನ್ನು ಸರಿಸಿದೆ. ಕೆಳಗೆ ಒಂದು ಪೂರ್ತಿ ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ಆಕಾಶನೀಲಿ ಬಣ್ಣ, ಅರ್ಧ ತುಕ್ಕು. ಟೈರು ಇರಲಿಲ್ಲ, ಗಾಲಿಗಳಿದ್ದವು. ಗಾಲಿಯ ಕಡ್ಡಿಗಳಲ್ಲಿ ಬಳ್ಳಿ ನುಗ್ಗಿ ಹೊರಬಂದಿತ್ತು.

“ಅದಾ? ನಮ್ಮ ರಘುಂದು,” ಎಂದಳು ಚಿಕ್ಕಮ್ಮ. ರಘು ಅವಳ ಮಗ. ಈಗ ಸೇಡಂನಲ್ಲಿ ತೊಗರಿ ಬೇಳೆಯ ಮಿಲ್ ನಡೆಸುತ್ತಾನೆ, ನಡೆಯುವುದೇ ಕಡಿಮೆ, ಸೈಕಲ್ಲಿನ ಮಾತು ದೂರ. “ಸಾಲಿಗೆ ಹೋಗಾಗ ಹಟ ಹಿಡಿದು ಕೊಡಿಸ್ಕೊಂಡಿದ್ದ. ರೇಸು ಗೆಲ್ತೀನಂತ. ಏಂ ಗೆಲಿಚಾಡು, ಏನ್ ಗೆದ್ದ! ಈಗ ಹೀರಿಕಾಯಿ ಕೊಡ್ಲಿಕತ್ತದ.”

“ಚಿಕ್ಕಮ್ಮ, ಇದು ನನಗ ಬೇಕು.”

“ಒಯ್ಯವ್ವ. ಬಳ್ಳಿ ಮುಗೀಲಿ, ಆಮ್ಯಾಲ ಒಯ್ಯಿ. ಕಾಯಿ ಇನ್ನಾ ಬಿಡ್ಲಿಕತ್ತದ.”

ಯಾವ ಹೆಂಗಸಾದರೂ ಹೀರೆಕಾಯಿಯ ಮೇಲೆ ಇಷ್ಟು ಸಿಟ್ಟಾಗಿದ್ದುಂಟೇ? ಎರಡು ವಾರಕ್ಕೊಮ್ಮೆ ಚಿಕ್ಕಮ್ಮನಿಗೆ ಫೋನ್ ಮಾಡುತ್ತಿದ್ದೆ. ಆರೋಗ್ಯ ಕೇಳುತ್ತಿದ್ದೆ. ಬಳ್ಳಿಯ ಆರೋಗ್ಯ. “ಚೊಲೋ ಅದ, ಇನ್ನಾ ಹೂ ಬಿಡ್ಲಿಕತ್ತದ” ಅಂದಾಗ ಫೋನ್ ಇಟ್ಟು ಕ್ಯಾಲೆಂಡರಿನ ಮುಂದೆ ಹೋಗಿ ನಿಲ್ಲುತ್ತಿದ್ದೆ. ಕೊನೆಗೊಂದು ದಿನ ಬಳ್ಳಿ ಒಣಗಿತು. ಮನೆಯವರನ್ನು ಕರೆದುಕೊಂಡು ಹೋಗಿ ಸೈಕಲ್ಲನ್ನು ಬಳ್ಳಿಯಿಂದ ಬಿಡಿಸಿಕೊಂಡು ಬಂದೆ.

ಆಮೇಲಿನ ದಿನಗಳು ನನ್ನ ಜೀವನದ ಸುಖದ ದಿನಗಳು ಎನ್ನಬೇಕು. ಅಂಗಳದಲ್ಲಿ ನಾನೂ ಹಳೇ ಚಾದರ ಹಾಸಿದೆ. ಮನೆಯವರು ಕನ್ನಡಕ ಏರಿಸಿ ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಹಿಡಿದರು, ನಾನು ಬಿಚ್ಚಿದೆ. ಪೆಡಲ್ಲಿನ ತೋಳನ್ನು ಹಿಡಿದಿಡುವ ಕ್ರ್ಯಾಂಕಿನ ಪಿನ್ನು ಜಪ್ಪಯ್ಯ ಅಂದರೂ ಕದಲಲಿಲ್ಲ. ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಸಿ, ಬೆಳಿಗ್ಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟಾಗ ಟಪ್ಪನೆ ಹೊರಬಂದ ಸದ್ದು ಇದೆಯಲ್ಲ, ಮೊದಲ ಸಂಬಳ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ. ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ತುಕ್ಕು ಉಜ್ಜಿದೆ. ನೀಲಿ ಬಣ್ಣ ಹಾಗೇ ಉಳಿಸಿಕೊಂಡೆ, ಮೇಣ ಹಚ್ಚಿ ಹೊಳೆಸಿದೆ. ಹ್ಯಾಂಡಲ್ಲಿಗೆ ಕೆಂಪು ಬಟ್ಟೆಯ ಪಟ್ಟಿ ಸುತ್ತಿದೆ. ಅವಳದು ಬಿಳಿಯದಲ್ಲವೇ, ನನ್ನದು ಬೇರೆಯಾಗಿರಬೇಕು.

ಶಾಹೀನಳಿಗೆ ಹೇಳಲಿಲ್ಲ. ಒಂದು ಮಾತೂ ಹೇಳಲಿಲ್ಲ. ಅವಳು ನನಗೆ ಹೇಳಿದ್ದಳೇ?

ಆದರೆ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಇಂಥ ಹಳೇ ರೇಸಿಂಗ್ ಸೈಕಲ್ಲುಗಳಲ್ಲಿ ಗೇರಿನ ಲಿವರುಗಳು ಹ್ಯಾಂಡಲ್ ಮೇಲೆ ಇರುವುದಿಲ್ಲ, ಕೆಳಗೆ ಫ್ರೇಮಿನ ಓರೆ ಪೈಪಿಗೆ ಇರುತ್ತವೆ. ಕೈ ಇಳಿಸಿ ಬದಲಿಸಬೇಕು. ನನ್ನದರಲ್ಲಿ ಅವೇ ಇರಲಿಲ್ಲ. ರಘುವಿಗೆ ನೆನಪಿಲ್ಲ, ಚಿಕ್ಕಮ್ಮನಿಗೆ ಅದೇನೆಂದೇ ಗೊತ್ತಿಲ್ಲ. ಆನ್‌ಲೈನಿನಲ್ಲಿ ತರಿಸಿದೆ. ಬಂದದ್ದರ ಬಿಗಿಯುವ ಪಟ್ಟಿ ಪೈಪಿಗೆ ಕೂಡಲಿಲ್ಲ. ಕಲಬುರಗಿಯ ಅಂಗಡಿಗಳಲ್ಲಿ ಕೇಳಿದರೆ ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

ಶಾಹೀನಳ ಹತ್ತಿರ ಹೆಚ್ಚಿನದೊಂದು ಜೊತೆ ಇತ್ತು. ಹೈದರಾಬಾದಿನಿಂದ ತಂದದ್ದು. ಅವಳೇ ಸ್ಟಾಫ್ ರೂಮಿನಲ್ಲಿ ಹೇಳಿದ್ದಳು. ಕೇಳಬೇಕೇ? ಜೀವ ಹೋದರೂ ಕೇಳುವುದಿಲ್ಲ ಅಂದುಕೊಂಡೆ.

ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅವಳು ತನ್ನ ಡಬ್ಬಿಯ ಮೇಲಿನ ಖಾನೆ ನನ್ನ ಕಡೆ ಸರಿಸಿದಳು. ಒಳಗೆ ಹಾಳೆಯಲ್ಲಿ ಸುತ್ತಿದ ಲಿವರುಗಳು. ಪಾಲಿಶ್ ಮಾಡಿ, ಎಣ್ಣೆ ಹಾಕಿ ಇಟ್ಟದ್ದು.

“ಭಾಯಿಸಾಬ್ ಫೋನ್ ಮಾಡಿದ್ರು,” ಎಂದಳು. ಅಂದರೆ ನಮ್ಮ ಮನೆಯವರು! “ಎಷ್ಟ್ ದಿನ ಮುಚ್ಚಿಡ್ತಿದ್ದಿ ಲೇ? ತಗೋ. ನಿನ್ನ ಸೈಕಲ್ಲಿಗೆ ಕರೆಕ್ಟ್ ಆಗ್ತಾವ. ಮುಂದಿನ ಐತವಾರ ಸನ್ನತಿಗೆ ಹೋಗೂಣು, ಇಬ್ಬರೂ.”

ಹೊಟ್ಟೆಕಿಚ್ಚು ಪಡುವವರಿಗೆ ಅತಿ ದೊಡ್ಡ ಏಟು ಯಾವುದು ಗೊತ್ತೇ? ಎದುರಿನವರು ಒಳ್ಳೆಯವರಾಗಿರುವುದು. ಅವಳು ಒಂದಿಷ್ಟು ಕೊಬ್ಬಿನವಳಾಗಿದ್ದರೆ ನನ್ನ ಕೆಲಸ ಎಷ್ಟು ಸಲೀಸಾಗುತ್ತಿತ್ತು! “ಥ್ಯಾಂಕ್ಸ್” ಎಂದೆ. ಅವಳು ನನ್ನ ಪುಂಡಿಪಲ್ಯಕ್ಕೆ ಕೈ ಹಾಕಿದಳು.

ಭಾನುವಾರ ಬೆಳಿಗ್ಗೆ ವಾಡಿಯಲ್ಲಿ ಸೇರಿದೆವು. ಚಳಿ. ತೊಗರಿ ಹೊಲಗಳ ಮೇಲೆ ಮಂಜು. ನನ್ನ ಸೈಕಲ್ ನೋಡಿ ಶಾಹೀನ್ ತನ್ನದರಿಂದ ಇಳಿದಳು. ಸುತ್ತ ಒಂದು ಸಲ ನಡೆದು ಬಂದಳು. ನೀಲಿ ಪೈಪಿನ ಮೇಲೆ ಕೈಯಿಟ್ಟು, ತೆಗೆದಳು. “ಚೊಲೋ ಮಾಡೀದಿ,” ಎಂದಳು. ಅಷ್ಟೇನಾ? ನನಗೆ ಕೆಟ್ಟೆನಿಸಿತು. ನಾನು ಅವಳದನ್ನು ಹೊಗಳುವಾಗ ಸುಳ್ಳಾದರೂ ನಾಲ್ಕು ವಾಕ್ಯ ಹೇಳಿದ್ದೆ.

ನಾಲವಾರದ ಹತ್ತಿರ ಚಹಾಕ್ಕೆ ನಿಂತೆವು. ಹೋಟೆಲಿನವನು ನಮ್ಮ ಹೆಲ್ಮೆಟ್, ಕ್ಲಿಪ್ಪು ಎಲ್ಲ ನೋಡಿ, “ಎಲ್ಲಿಂದ ಬಂದ್ರಿ ಅಕ್ಕಾರೆ? ಯಾವ ಪಾರ್ಟಿ ಪ್ರಚಾರ?” ಎಂದ.

“ನಮ್ಮದೇ ಪಾರ್ಟಿ,” ಎಂದಳು ಶಾಹೀನ್.

“ಚಿಹ್ನೆ ಸೈಕಲ್ಲೇನ್ರಿ?” ಎಂದು ಅವನು ನಕ್ಕು, ಚಹಾದ ಜೊತೆ ಕೇಳದಿದ್ದರೂ ಬಿಸಿ ಮಿರ್ಚಿ ಭಜಿ ಇಟ್ಟ.

ಸನ್ನತಿ ಮುಟ್ಟಿದಾಗ ಬಿಸಿಲು ಏರಿತ್ತು. ನಾನು ಚಂದ್ರಲಾಂಬೆಯ ದರ್ಶನ ಮಾಡಿ ಬಂದೆ, ಶಾಹೀನ್ ಭೀಮೆಯ ದಂಡೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕುಂಕುಮ ಹಚ್ಚಿಕೊಂಡು, ತೆಂಗಿನ ಚೂರು ಹಿಡಿದು ಹೊರಬಂದರೆ ಏನು ನೋಡಲಿ? ಎಲ್ಲಿಂದಲೋ ಬಂದಿದ್ದ ಕಾಲೇಜು ಹುಡುಗರ ಗುಂಪು ಸೆಲ್ಫಿ ತೆಗೆದುಕೊಳ್ಳುತ್ತಿತ್ತು. ಹಸಿರು ಸೈಕಲ್ ಜೊತೆ. ಚಲೋ ಬೆಳಕು ಬರಲೆಂದು ನನ್ನ ನೀಲಿ ಸೈಕಲ್ಲನ್ನು ಎತ್ತಿ ಆಚೆ ಇಟ್ಟಿದ್ದರು!

ಅಷ್ಟು ಉಜ್ಜಿದ್ದೆನಲ್ಲ. ಆ ಹೀರೆಬಳ್ಳಿಗೆ ಅಷ್ಟು ಕಾದಿದ್ದೆನಲ್ಲ.

ವಾಪಸ್ ಬರುವಾಗ ನನ್ನ ಮೊಣಕಾಲು ಮಾತಾಡತೊಡಗಿದವು. ರಘು ಶಾಲೆಯ ಹುಡುಗನಾಗಿದ್ದಾಗ ಕೊಂಡ ಸೈಕಲ್ ಅದು, ಫ್ರೇಮು ಚಿಕ್ಕದು. ಸೀಟು ಎಷ್ಟು ಎತ್ತರಿಸಿದರೂ ನನ್ನ ಕಾಲಿಗೆ ಸಾಲದು. ತಿರುವು ಬಂದರೆ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಹಲ್ಲು ಕಚ್ಚಿ ತುಳಿದೆ. ಮುಂದೆ ಹಸಿರು ಸೈಕಲ್ಲು. ಅದನ್ನು ಹಿಂದೆ ಹಾಕಬೇಕು. ಒಮ್ಮೆಯಾದರೂ.

ಹಾಕಿದೆ. ಖುಷಿಯಿಂದ ಒಂದಿಷ್ಟು ದೂರ ಹೋಗಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಸೈಕಲ್ ತಿರುಗಿಸಿಕೊಂಡು ಬಂದೆ. ಶಾಹೀನ್ ರಸ್ತೆಯ ಬದಿ, ಜಾಲಿಯ ನೆರಳಲ್ಲಿ, ಬರೀ ನೆಲದ ಮೇಲೆ ಅಂಗಾತ ಮಲಗಿದ್ದಳು. ಕಣ್ಣಲ್ಲಿ ನೀರು.

“ಬಿದ್ದೀಯೇನ್?”

“ಇಲ್ಲ. ಬೆನ್ನು. ನೆಟ್ಟಗಾಗವಲ್ದು.”

ನೀರು ಕುಡಿಸಿದೆ. ಬೆನ್ನು ಒತ್ತಿದೆ. ಅವಳು ನರಳಿದಳು. ಆಗಲೇ ಗಮನಿಸಿದ್ದು. ಹಸಿರು ಸೈಕಲ್ಲಿನ ಸೀಟು ಫ್ರೇಮಿಗೆ ಅಂಟುವಷ್ಟು ಕೆಳಗಿತ್ತು. ಇನ್ನು ಇಳಿಸಲು ಜಾಗವೇ ಇರಲಿಲ್ಲ. ಆದರೂ ಅವಳ ಕಾಲು ಪೆಡಲ್ಲಿಗೆ ತುದಿಬೆರಳಲ್ಲಷ್ಟೇ ಮುಟ್ಟುತ್ತಿದ್ದಿರಬೇಕು. ಹ್ಯಾಂಡಲ್ ಹಿಡಿಯಲು ಇಡೀ ಮೈ ಚಾಚಬೇಕು.

“ಎಷ್ಟ್ ದಿನದಿಂದ ಹಿಂಗಾಗ್ಲಿಕತ್ತದ?”

“ಮೊದಲನೇ ದಿನದಿಂದ.”

ಆಗ ನನ್ನ ಬಾಯಿಂದ ಒಂದು ಮಾತು ಬಂತು. ಗೆಳತಿ ನೆಲದ ಮೇಲೆ ಬಿದ್ದಿರುವಾಗ ಬರಬಾರದ ಮಾತು. ಒಲೆಯ ಮೇಲಿಟ್ಟು ತಿಂಗಳುಗಟ್ಟಲೆ ಕುದಿಸಿದ್ದು, ಉಕ್ಕಿತು.

“ನಿನಗ ಆಗಲ್ಲಂದ್ರ ನನಗ ಕೊಡ್ಬೇಕಾಗಿತ್ತು. ಸುಮ್ನ ಊರಿಗೆಲ್ಲಾ ತೋರ್ಸ್ಲಿಕ್ಕ ಓಡ್ಯಾಡ್ಲಿಕತ್ತೀಯೇನು?”

ಶಾಹೀನ್ ಎದ್ದು ಕೂತಳು. ಮೈಮೇಲಿನ ಮಣ್ಣು ಝಾಡಿಸಿದಳು. ಒಂದು ಲಾರಿ ಹೋಯಿತು. ಅದರ ಧೂಳು ಇಳಿಯುವವರೆಗೆ ಇಬ್ಬರೂ ಮುಖ ತಿರುಗಿಸಿ ಕೂತಿದ್ದೆವು. ಎಲ್ಲ ಮುಗಿಯಿತು ಅಂದುಕೊಂಡೆ. ಇಷ್ಟು ವರ್ಷದ ಡಬ್ಬಿ, ಹಾಸ್ಟೆಲಿನ ರೂಮು, ಎಲ್ಲ.

“ಮಾಮೂ ಹ್ವಾದಾಗ ಸೈಕಲ್ ನಮ್ಮಣ್ಣ ಭಾಯಿಜಾನ್‌ಗೆ ಅಂತ ಆತು,” ಎಂದಳು ಅವಳು, ಹೊಲದ ಕಡೆ ನೋಡುತ್ತ. “ಗಂಡಹುಡುಗ ಅಂವ. ನನ್ನ ಯಾರೂ ಕೇಳ್ಲಿಲ್ಲ. ಮಾಮೂನ ಮುಂದ ಪೈಪಿನ ಮ್ಯಾಲ ಕುಂತು ಊರೆಲ್ಲಾ ತಿರುಗ್ಯಾಡಿದಾಕಿ ನಾನು. ಭಾಯಿಜಾನ್ ಒಮ್ಮಿನೂ ಹತ್ಲಿಲ್ಲ. ಕೋಳಿಗೂಡಿನ ಮ್ಯಾಲ ಒಗದಿದ್ದ. ಈ ವರ್ಷ ನಾನೇ ಹೋಗಿ ಕೇಳ್ದೆ. ನಕ್ಕುಬಿಟ್ಟ. ಒಯ್ಯಿ, ಆದ್ರ ನಿನ್ನ ಕಾಲು ಮುಟ್ಟಲ್ಲ ಅಂದ.”

ಸಲ್ವಾರಿನ ಕ್ಲಿಪ್ ಬಿಚ್ಚಿ ಕೈಯಲ್ಲಿ ಹಿಡಿದಳು.

“ಮುಟ್ಟಲ್ಲ ವಸು. ಖರೇನ ಮುಟ್ಟಲ್ಲ. ಅಂವ ಹೇಳಿದ್ದು ಖರೇ ಆತು ಅಂತ ಯಾರ ಮುಂದ ಹೇಳ್ಲಿ?”

ತೆಂಗಿನ ಚೂರು ಚೀಲದಲ್ಲಿತ್ತು, ಕೊಟ್ಟೆ. ತಿಂದಳು. “ತಪ್ಪಾತು,” ಎಂದೆ. “ನಿನ್ನ ಸೈಕಲ್ ನೋಡ್ದಾಗಿಂದ ನನಗ ಭಾಳ ಹೊಟ್ಟಿಕಿಚ್ಚು. ತಲಿ ಕೆಟ್ಟಿತ್ತು.”

ಅವಳು ನನ್ನ ಕಡೆ ತಿರುಗಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

“ಹೊಟ್ಟಿಕಿಚ್ಚು ನಿನಗೊಬ್ಬಾಕಿಗೇ ಬರ್ತದಂತ ತಿಳ್ಕೊಂಡೀಯೇನು? ಮುಂಜಾನಿ ನಿನ್ನ ಸೈಕಲ್ ನೋಡ್ದೆ. ನನ್ನ ಅಳತೀದು! ನನ್ನ ಸಲುವಾಗೇ ಮಾಡಿದಂಗಿತ್ತು. ಹೆಚ್ಚಿಗಿ ಹೊಗಳ್ಲಿಕ್ಕ ಆಗ್ಲಿಲ್ಲ ನನಗ. ಮನಸ್ನ್ಯಾಗ ಏನಂದೆ ಗೊತ್ತದೇನ್? ಈ ಉದ್ದನಾಕಿಗಿ ಅಲ್ಲಾ ಹ್ಯಾಂಗ ಇಂಥಾ ಸಣ್ಣ ಸೈಕಲ್ ಕೊಟ್ಟ ಅಂದೆ.”

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು, ನಕ್ಕರೆ ಬೆನ್ನು ನೋಯುತ್ತಿತ್ತು, “ಯಾ ಅಲ್ಲಾ” ಎನ್ನುತ್ತ ಮತ್ತೆ ನಕ್ಕಳು.

ಆಮೇಲೆ ಅವಳೇ ಎದ್ದು ಚೀಲದಿಂದ ನಟ್ಟು ಸಡಿಲಿಸುವ ಪಾನಾ ತೆಗೆದಳು. (ಅವಳ ಪರ್ಸಿನಲ್ಲಿ ಲಿಪ್‌ಸ್ಟಿಕ್ ಇಲ್ಲದಿರಬಹುದು, ಪಾನಾ ಇರುತ್ತದೆ.) ಹಸಿರಿನ ಸೀಟು ಮೇಲೇರಿತು. ನೀಲಿಯ ಸೀಟು ಕೆಳಗಿಳಿಯಿತು.

“ಹತ್ತು,” ಎಂದಳು.

ಹತ್ತಿದೆ.

ಹೇಗೆ ವರ್ಣಿಸಲಿ? ಇಷ್ಟು ದಿನ ಬೇರೆಯವರ ಚಪ್ಪಲಿಯಲ್ಲಿ ಕಾಲು ತುರುಕಿ ನಡೆದವಳಿಗೆ ತನ್ನ ಅಳತೆಯ ಚಪ್ಪಲಿ ಸಿಕ್ಕಂತಾಯಿತು. ಕಾಲು ಪೂರ್ತಿ ಚಾಚಿತು. ಕೈ ತಾನಾಗಿ ಹ್ಯಾಂಡಲ್ ತಲುಪಿತು. ತುಳಿದಷ್ಟೂ ಸೈಕಲ್ ಮುಂದೆ ಹೋಗುತ್ತಿತ್ತು, ಬೇರೆ ಯಾವುದಕ್ಕೂ ನನ್ನ ಶಕ್ತಿ ಪೋಲಾಗುತ್ತಿರಲಿಲ್ಲ. ಕೈ ಇಳಿಸಿ ಲಿವರ್ ಎಳೆದೆ, ಚೈನು ಕಟಕ್ಕೆಂದು ಹಲ್ಲು ಬದಲಿಸಿತು. ಎರಡೂ ಬದಿ ತೊಗರಿ, ಎದುರಿಗೆ ಖಾಲಿ ರಸ್ತೆ. ಸಿಕ್ಕಿತು! ತಿಂಗಳುಗಟ್ಟಲೆ ಉರಿದುಕೊಂಡಿದ್ದು ಯಾವುದಕ್ಕೋ ಅದೇ ಸಿಕ್ಕಿತು. ಹೊಟ್ಟೆಯ ಒಲೆಗೆ ಯಾರೋ ನೀರು ಸುರಿದಂತಾಯಿತು.

ಎಷ್ಟು ಹೊತ್ತು ಆ ತಂಪು? ಮುಂದಿನ ತಿರುವಿನವರೆಗೆ.

ತಿರುವಿನಲ್ಲಿ ಪಕ್ಕದಿಂದ ಏನೋ ನೀಲಿಯದು ಸುಂಯ್ ಎಂದು ಹೋಯಿತು. ಶಾಹೀನ್! ಗಿಣಿ ರೆಂಬೆಗೆ ಕೂತಂತೆ ಕೂತಿದ್ದಳು, ಅಷ್ಟು ಹಗುರ. ಬೆನ್ನು ನೋವು ಎಲ್ಲಿ ಹೋಯಿತೋ. “ವಸೂ, ಇದು ಓಡ್ತದಲೇ!” ಎಂದು ಕೂಗಿದಳು. ಆ ದನಿ ನಾನು ಹಾಸ್ಟೆಲಿನ ದಿನಗಳ ನಂತರ ಕೇಳಿರಲಿಲ್ಲ. ನಾನು ಗೇರ್ ಬದಲಿಸಿದೆ, ಜೋರಾಗಿ ತುಳಿದೆ. ಹಿಡಿಯಲು ಆಗಲಿಲ್ಲ. ಕೆಂಪು ಪಟ್ಟಿ ಸುತ್ತಿದ ಹ್ಯಾಂಡಲ್, ನಾನೇ ಮೇಣ ಹಚ್ಚಿ ಹೊಳೆಸಿದ ನೀಲಿ, ಬಿಸಿಲಿಗೆ ಮಿನುಗುತ್ತ ದೂರ ದೂರ ಹೋಯಿತು. ಎಷ್ಟು ಚೆಂದ ಕಾಣುತ್ತಿತ್ತು! ನನ್ನ ಕೆಳಗಿದ್ದಾಗ ಅದು ಅಷ್ಟು ಚೆಂದ ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಸೈಕಲ್ ಮೇಲೆ ಕೂತವರಿಗೆ ತಮ್ಮ ಸೈಕಲ್ ಕಾಣುವುದಿಲ್ಲ.

ಮರುದಿನ ಶಾಲೆಯಲ್ಲಿ ಶಾಹೀನ್ ಹಸಿರು ಸೈಕಲ್ಲಿನ ಹಿತ್ತಾಳೆ ಗಂಟೆ ಬಿಚ್ಚಿ ನೀಲಿಯದಕ್ಕೆ ಹಾಕಿದಳು. “ಮಾಮೂನ ಸೈಕಲ್ ನಿನಗ. ಮಾಮೂನ ಗಂಟಿ ನನಗ. ಲೆಕ್ಕ ಬರೋಬ್ಬರಿ,” ಎಂದಳು ಗಣಿತದ ಟೀಚರ್. ನಾನು ಬೇಡ ಎನ್ನಲಿಲ್ಲ. ಅವಳ ಭಾಯಿಜಾನ್ ಒಂದು ದಿನ ಶಹಾಬಾದಿನ ಬಜಾರಿನಲ್ಲಿ ಅವಳನ್ನು ನೀಲಿ ಸೈಕಲ್ ಮೇಲೆ ನೋಡಿದರಂತೆ. ಎರಡೂ ಕಾಲು ನೆಲಕ್ಕೂರಿ ನಿಂತು, ಸಲಾಂ ಹೇಳಿದಳಂತೆ. ಅವರು ಏನೂ ಅನ್ನಲಿಲ್ಲವಂತೆ. ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ನಾನು ಈಗ ಬಸ್ಸು ಬಿಟ್ಟು ಚಿತ್ತಾಪುರದಿಂದ ವಾಡಿಗೆ ಹಸಿರು ಸೈಕಲ್ಲಿನಲ್ಲಿ ಹೋಗುತ್ತೇನೆ. ಮೊಣಕಾಲು ಸುಮ್ಮನಿವೆ. ನಾನು ಬಯಸಿದ್ದು ನನ್ನ ಕೈಯಲ್ಲಿದೆ. ಸುಖವಾಗಿರಬೇಕಲ್ಲವೇ?

ಆದರೆ ಮೊನ್ನೆ ಹೆಡ್‌ಮಾಸ್ತರರು ಬೇವಿನ ಗಿಡದ ಕೆಳಗೆ ನಿಂತು, ನನ್ನ ಹಸಿರನ್ನು ದಾಟಿ ನೀಲಿಯ ಹತ್ತಿರ ಹೋಗಿ, “ಆಹಾ ಶಾಹೀನ್ ಟೀಚರ್, ಇದು ಅದಕ್ಕಿಂತ ಚಂದ ಅದ ನೋಡ್ರಿ. ಯಾರು ಇಷ್ಟು ನೀಟಾಗಿ ಮಾಡ್ಯಾರ?” ಎಂದರು. ಶಾಹೀನ್ ನನ್ನ ಕಡೆ ಬೆರಳು ತೋರಿಸಿದಳು ನಿಜ. ಅವರು ಆ ಬೆರಳನ್ನು ನೋಡಲಿಲ್ಲ, ಬಗ್ಗಿ ಚೈನು ನೋಡುತ್ತಿದ್ದರು.

ಈಗ ನೀವೇ ಹೇಳಿ, ಆ ನೀಲಿ ಸೈಕಲ್ಲನ್ನು ವಾರದಲ್ಲಿ ಒಂದು ದಿನಕ್ಕಾದರೂ ವಾಪಸ್ ಕೇಳಿದರೆ ಅದರಲ್ಲಿ ತಪ್ಪೇನು?